ಗಡಿಯಾರದ ಸದ್ದು ಕೇಳುವ ಕಾರು

ನಾನು ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದೇ ಒಂದು ವಾಕ್ಯ. ಅದನ್ನು ಬರೆದವನು ಕವಿಯಲ್ಲ, ಜಾಹೀರಾತಿನವನು. 1958ರಲ್ಲಿ ಡೇವಿಡ್ ಓಗಿಲ್ವಿ ಎಂಬಾತ ರೋಲ್ಸ್ ರಾಯ್ಸ್ ಕಾರಿಗಾಗಿ ಅದನ್ನು ಬರೆದ. ಗಂಟೆಗೆ ಅರವತ್ತು ಮೈಲಿ, ಅಂದರೆ ನಮ್ಮ ಲೆಕ್ಕದ 96 ಕಿಲೋಮೀಟರು ವೇಗದಲ್ಲಿ ಓಡುತ್ತಿರುವಾಗ ಆ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ಅದರ ವಿದ್ಯುತ್ ಗಡಿಯಾರ ಎಂಬುದು ಅದರ ತಾತ್ಪರ್ಯ. ಮಗ ಎಂ.ಬಿ.ಎ. ಓದುವಾಗ ಕೊಂಡು, ಕೆಲಸ ಸಿಕ್ಕಿದ ಮೇಲೆ ಅಟ್ಟಕ್ಕೆ ಎಸೆದಿದ್ದ ಪುಸ್ತಕಗಳ ಕಟ್ಟಿನಲ್ಲಿ ಓಗಿಲ್ವಿಯ ಪುಸ್ತಕವೂ ಇತ್ತು. ಜಿರಲೆಗೆ ಬಿಡುವ ಬದಲು ನಾನು ಓದಿದೆ.

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಒಳ್ಳೆಯ ವಾಕ್ಯ ಕಂಡರೆ ಅದು ಯಾರ ಮನೆಯದು ಎಂದು ಕೇಳದೆ ಮೆಚ್ಚುವ ಅಭ್ಯಾಸ. ಈತ ‘ನಿಶ್ಶಬ್ದ’ ಎಂಬ ಪದವನ್ನೇ ಬಳಸದೆ ನಿಶ್ಶಬ್ದವನ್ನು ನಮ್ಮ ಮುಂದೆ ತಂದು ಇಟ್ಟಿದ್ದಾನೆ. ನಮ್ಮ ಅಲಂಕಾರಶಾಸ್ತ್ರದವರು ಇಂಥದ್ದಕ್ಕೇ ಧ್ವನಿ ಎಂದು ಹೆಸರಿಟ್ಟದ್ದು; ಸದ್ದಿಲ್ಲದ ಕಾರಿಗೆ ಧ್ವನಿಯ ಉದಾಹರಣೆ ಸಿಕ್ಕಿತಲ್ಲ ಎಂದು ನಗು ಬಂತು. ಮೂರು ವಾರ ಕಾರಿನ ಬಗ್ಗೆ ಓದಿ ಓದಿ ಆ ಸಾಲನ್ನು ಹುಡುಕಿದೆ ಎಂದು ಓಗಿಲ್ವಿ ಹೇಳಿಕೊಂಡಿದ್ದಾನೆ. ಅದು ‘ದಿ ಮೋಟಾರ್’ ಎಂಬ ಇಂಗ್ಲಿಷ್ ಪತ್ರಿಕೆಯ ತಾಂತ್ರಿಕ ಸಂಪಾದಕರ ವರದಿಯಿಂದ ಎತ್ತಿಕೊಂಡದ್ದು. ಅದಕ್ಕೂ ಮೊದಲು, 1933ರಲ್ಲಿ, ಅಮೆರಿಕದ ಪಿಯರ್ಸ್ ಆರೋ ಎಂಬ ಕಾರಿನ ಜಾಹೀರಾತಿನಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು. ಇರಲಿ, ಒಳ್ಳೆಯ ಮಾತು ಕೈಯಿಂದ ಕೈಗೆ ಹೋಗುತ್ತದೆ. ರೋಲ್ಸ್ ರಾಯ್ಸ್ ಕಾರ್ಖಾನೆಯ ಮುಖ್ಯ ಎಂಜಿನಿಯರು ಅದನ್ನು ಓದಿ, ಹಾಗಾದರೆ ಆ ಗಡಿಯಾರಕ್ಕೂ ಒಂದು ಗತಿ ಕಾಣಿಸಬೇಕು ಎಂದು ತಲೆಯಾಡಿಸಿದನಂತೆ.

ಆದರೂ ಈ ವಾಕ್ಯದ ಮೇಲೆ ನನಗೆ ತಕರಾರಿದೆ. ಅದು ಹುಟ್ಟಿದ್ದು ಪುಸ್ತಕ ಓದುವಾಗಲ್ಲ. 2024ರ ಬೇಸಿಗೆ ರಜೆಯಲ್ಲಿ, ಹಾಸನದ ನಮ್ಮ ಮನೆಯಂಗಳದಲ್ಲಿ, ಕಾರಿನ ಬಾಗಿಲುಗಳನ್ನು ಬಿಚ್ಚಿ ಹಾಕಿಕೊಂಡು ಕುಳಿತಿದ್ದಾಗ.

ನಮ್ಮ ಕಾರಿಗೆ ಹದಿನಾಲ್ಕು ವರ್ಷ. ಸಣ್ಣ ಕಾರು, ಹೆಸರು ಬೇಡ. ಅದರ ಯೋಗ್ಯತೆಗೆ ತಕ್ಕಂತೆ ನಡೆದುಕೊಂಡಿದೆ. ಮಗಳು ಮೈಸೂರಿನಲ್ಲಿರುವುದರಿಂದ ತಿಂಗಳಿಗೊಮ್ಮೆ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗಿಬರುತ್ತೇವೆ. ಸುಮಾರು 120 ಕಿಲೋಮೀಟರು. ಅಷ್ಟು ದೂರವೂ ಕಾರಿನೊಳಗೆ ಗುಂಯ್ ಎಂಬ ಒಂದು ಶ್ರುತಿ, ಅದರ ಮೇಲೆ ಹಿಂದಿನ ಬಾಗಿಲ ಕಟಕಟ. ಕೆಲವು ವರ್ಷಗಳಿಂದ ನಾವಿಬ್ಬರೂ ಕಾರಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೆವು. ನಾನು ಏನಾದರೂ ಹೇಳುವುದು, ಇವರು ರಸ್ತೆ ನೋಡಿಕೊಂಡು ಸುಮ್ಮನಿರುವುದು. ಈ ಕಾರಿನ ಸದ್ದಿನಲ್ಲಿ ಯಾರಿಗೆ ಏನು ಕೇಳಿಸೀತು ಎಂದು ನಾನೂ ಸುಮ್ಮನಾಗುವುದು.

ತೆಳು ತಗಡಿನ ಸದ್ದು ನನಗೆ ಹೊಸದಲ್ಲ. ಸಕಲೇಶಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಒಂಬತ್ತು ಮಳೆಗಾಲ ಕಳೆದವಳು. ಜಿಂಕ್ ಶೀಟಿನ ಮಾಡು. ಜುಲೈ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮೊದಲ ಬೆಂಚಿನ ಮಗುವಿಗೂ ನನ್ನ ಮಾತು ಮುಟ್ಟುತ್ತಿರಲಿಲ್ಲ. ಪದ್ಯ ಹೇಳಿಕೊಡುವುದನ್ನು ಬಿಟ್ಟು ಕಪ್ಪುಹಲಗೆಯ ಮೇಲೆ ಬರೆದು, ನಕಲು ಮಾಡಿ ಎಂದು ಕೈಸನ್ನೆ ಮಾಡುತ್ತಿದ್ದೆ. ಮಕ್ಕಳಿಗೆ ಅದೇ ಖುಷಿ. ನನ್ನ ಗಂಟಲು ಮಾತ್ರ ಅಂದಿನಿಂದ ಸರಿಹೋಗಿಲ್ಲ. ಕಾರು ಎಂದರೂ ಅಷ್ಟೆ, ನಾಲ್ಕು ಚಕ್ರದ ಮೇಲಿನ ತಗಡಿನ ಕೋಣೆ. ಟೈರು, ಎಂಜಿನ್ನು, ಗಾಳಿ ಎಲ್ಲವೂ ಅದನ್ನು ಬಾರಿಸುತ್ತವೆ, ಒಳಗಿರುವ ನಾವು ಕೇಳುತ್ತೇವೆ.

ಮಗನ ಸ್ನೇಹಿತನೊಬ್ಬ ಬೆಂಗಳೂರಿನಲ್ಲಿ ತನ್ನ ಕಾರಿಗೆ ತಾನೇ ಸದ್ದು ತಡೆಯುವ ಹಾಳೆ ಅಂಟಿಸಿಕೊಂಡದ್ದನ್ನು ಇವರು ನೋಡಿ ಬಂದರು. ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಸುಮ್ಮನೆ ಕೂರಲು ಬರುವುದಿಲ್ಲ. ಅಂಗಡಿಯವರು ಕೇಳಿದ ಕೂಲಿ ಸಾಮಾನಿನಷ್ಟೇ ಇತ್ತು. ‘ನಾವೇ ಮಾಡೋಣ’ ಎಂದರು. ‘ನಾವು’ ಎಂಬ ಬಹುವಚನದಲ್ಲಿ ಯಾರು ಯಾರು ಸೇರಿರುತ್ತಾರೆ ಎಂಬುದು ಹೆಂಗಸರಿಗೆ ಬೇಗ ತಿಳಿಯುತ್ತದೆ.

ಹಾಳೆ ಎಂದರೆ ಎರಡು ಮಿಲಿಮೀಟರು ದಪ್ಪದ ಬ್ಯುಟೈಲ್ ರಬ್ಬರು, ಟೈರಿನ ಒಳಗಿನ ಟ್ಯೂಬಿಗೆ ಬಳಸುವ ಜಾತಿಯದೇ. ಮೇಲೆ ಅಲ್ಯೂಮಿನಿಯಂ ತಗಡು. ಜಾಗಟೆ ಬಾರಿಸಿ ಅಂಗೈ ಇಟ್ಟರೆ ಸದ್ದು ನಿಲ್ಲುತ್ತದಲ್ಲ, ಇದು ಆ ಅಂಗೈ. ಬಾಗಿಲಿನ ತಗಡು ಅದುರುವಾಗ ನಡುವಿನ ರಬ್ಬರು ಎರಡು ಲೋಹಗಳ ಮಧ್ಯೆ ಎಳೆದಾಡಿ, ಅದುರುವ ಶಕ್ತಿಯನ್ನು ಶಾಖ ಮಾಡಿ ಕಳೆದುಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಡಿನ ಸೋರಿಕೆಗೆ ಕೊಡುವ ಡಾಂಬರಿನ ಪಟ್ಟಿ ಇದಕ್ಕಿಂತ ಬಹಳ ಅಗ್ಗ. ಆದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ಬಿಡುತ್ತದೆ. ಆ ಉಳಿತಾಯ ಬೇಡ.

ಕೆಲಸ ಹೇಗೆ ಎಂದು ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಆದರೆ ಕೆಲವು ಸಂಗತಿಗಳು ಅಡುಗೆಮನೆ ಬಲ್ಲವರಿಗೇ ಚೆನ್ನಾಗಿ ಅರ್ಥವಾಗುವಂಥವು. ಹಿಂದಿನ ಬಾಗಿಲಿನ ಗಾಜು ಇಳಿಸುವ ಹಿಡಿಕೆ ಸ್ಕ್ರೂಗೆ ಜಗ್ಗುವುದಿಲ್ಲ, ಅದರ ಹಿಂದೆ ಒಂದು ಸಣ್ಣ ಕ್ಲಿಪ್ಪು ಅಡಗಿರುತ್ತದೆ. ಹಳೆಯ ಸೀರೆಯ ಅಂಚನ್ನು ಉದ್ದಕ್ಕೆ ಹರಿದು, ಹಿಡಿಕೆಯ ಸಂದಿಗೆ ತೂರಿಸಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಅತ್ತಿತ್ತ ಎಳೆದರೆ ಅದು ಟಪ್ಪನೆ ಹಾರಿ ಬರುತ್ತದೆ. ನಮ್ಮದು ಹಾರಿ ದಾಸವಾಳದ ಕುಂಡಕ್ಕೆ ಬಿದ್ದು, ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗಿನ ತಗಡನ್ನು ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಬೇಕು. ಜಿಡ್ಡು ಇದ್ದರೆ ಯಾವ ಅಂಟೂ ನಿಲ್ಲದು. ಹಾಳೆಯನ್ನು ಬಿಸಿಲಿಗಿಟ್ಟರೆ ಒಬ್ಬಟ್ಟಿನ ಕಣಕದಂತೆ ಹದಕ್ಕೆ ಬರುತ್ತದೆ. ಅಂಟಿಸಿದ ಮೇಲೆ ಅದರ ಉಬ್ಬು ಚಿತ್ತಾರ ಪೂರ್ತಿ ಅಳಿಯುವ ತನಕ ಉರುಳೆಯಿಂದ ಒತ್ತಬೇಕು. ಉರುಳೆ ಎಲ್ಲಿಂದ ಬರಬೇಕು, ನನ್ನ ಹಳೆಯ ಲಟ್ಟಣಿಗೆ ಹೋಯಿತು. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳದ ತಪ್ಪಿಗೆ ನನ್ನ ಮೂರು ಬೆರಳು ಒಂದು ವಾರ ಹುಣಸೆಹುಳಿಯ ತಂಟೆಗೆ ಹೋಗಲಿಲ್ಲ. ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರಿಗೆ ಅವೇ ಬಚ್ಚಲು. ಸದ್ದು ಬರುತ್ತದೆಂದು ಅವನ್ನು ಮುಚ್ಚಿದವರ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಹೊಸ ಕಾರುಗಳಲ್ಲಿ ಸೀಟಿನ ಕೆಳಗೆ ಗಾಳಿಚೀಲದ ಹಳದಿ ವೈರುಗಳಿರುತ್ತವೆ. ಅವಕ್ಕೆ ಕೈಹಾಕಬಾರದು, ಅಂಥ ಕಾರಿನ ಸೀಟು ಬಿಚ್ಚುವುದನ್ನು ಮೆಕ್ಯಾನಿಕ್ಕಿಗೆ ಬಿಡುವುದೇ ಮೇಲು.

ನಮ್ಮದರಲ್ಲಿ ಗಾಳಿಚೀಲ ಇಲ್ಲ, ಸೀಟು ಬಿಚ್ಚಿದೆವು. ಕಂಬಳಿ ಎತ್ತಿದಾಗ ಸಿಕ್ಕಿದ್ದು: ನಾಲ್ಕು ಸೀಮೆಸುಣ್ಣದ ತುಂಡು, ಮಗಳ ಒಂಟಿ ಓಲೆ, ಹಾಸನಾಂಬೆಯ ಕುಂಕುಮದ ಪೊಟ್ಟಣ, ಒಂದು ಅಂಗೈಯಗಲದ ತುಕ್ಕು. ಓಲೆಯ ಜೋಡಿಯನ್ನು ನಾನು ಆರು ವರ್ಷದ ಹಿಂದೆ ಅಕ್ಕಸಾಲಿಗನಿಗೆ ಹಾಕಿಬಿಟ್ಟಿದ್ದೆ.

ಈಗ ವಿಮರ್ಶೆಗೆ ಬರುತ್ತೇನೆ. ಹಾಳೆಯ ಪೆಟ್ಟಿಗೆಯ ಮೇಲೆ ‘ಶೇಕಡಾ 50 ಸದ್ದು ಕಡಿತ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಓಗಿಲ್ವಿಯ ವಾಕ್ಯದ ಮುಂದೆ ಇದು ಮೊದ್ದು ವಾಕ್ಯ. ಆದರೆ ಸುಳ್ಳೆಂದು ಹೇಳುವಂತಿಲ್ಲ, ಅದೇ ಅದರ ಜಾಣತನ. ಸದ್ದನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಮೂರು ಇಳಿದರೆ ಸದ್ದಿನ ಶಕ್ತಿ ಅರ್ಧವಾದಂತೆ. ಆದರೆ ನಮ್ಮ ಕಿವಿಗೆ ಆ ಮೂರು ಗೊತ್ತಾದರೂ ಗೊತ್ತಾಯಿತು, ಇಲ್ಲವಾದರೂ ಇಲ್ಲ. ಕಿವಿಗೆ ಅರ್ಧ ಎನಿಸಬೇಕಾದರೆ ಸುಮಾರು ಹತ್ತು ಇಳಿಯಬೇಕು. ‘ಅರ್ಧ’ ಎಂಬ ಒಂದೇ ಪದ ಯಂತ್ರಕ್ಕೊಂದು ಅರ್ಥ, ಕಿವಿಗೊಂದು ಅರ್ಥ ಕೊಡುತ್ತದೆ. ಮಾರುವವನು ಯಂತ್ರದ ಅರ್ಥದಲ್ಲಿ ಹೇಳುತ್ತಾನೆ, ಕೊಳ್ಳುವವಳು ಕಿವಿಯ ಅರ್ಥದಲ್ಲಿ ಕೊಳ್ಳುತ್ತಾಳೆ.

ಇನ್ನೊಂದು, ಇಂಥ ಹಾಳೆ ಮಾರುವವರೆಲ್ಲ ತೋರಿಸುವ ಪರೀಕ್ಷೆ. ಬರಿಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದರೆ ಠಣ್; ಹಾಳೆ ಅಂಟಿಸಿದ ಮೇಲೆ ಬಡಿದರೆ ಧಪ್. ಅನುಕರಣಾವ್ಯಯ ಬದಲಾಯಿತು, ಒಪ್ಪಿದೆ. ಬಾಗಿಲು ಹಾಕಿದಾಗ ದೊಡ್ಡ ಕಾರಿನ ಸದ್ದೇ ಬರುತ್ತದೆ, ಆ ಸುಖ ನನಗೂ ಆಯಿತು. ಆದರೆ ನಾವು ಬಾಗಿಲು ಬಡಿಯುತ್ತ ಮೈಸೂರಿಗೆ ಹೋಗುವುದಿಲ್ಲವಲ್ಲ! ಓಡುವಾಗ ಬರುವ ಸದ್ದಿನಲ್ಲಿ ಬಹುಪಾಲು ಟೈರಿನದು, ಗಾಳಿಯದು. ಅದು ಚಕ್ರದ ಮೇಲಿನ ಗೂಡಿನಿಂದ, ನೆಲದಿಂದ, ಬಾಗಿಲಿನ ಸಂದಿಯಿಂದ ಬರುತ್ತದೆ. ಅದನ್ನು ತಡೆಯಲು ತೂಕ ಬೇಕು, ತೂಕ ಇಮ್ಮಡಿಯಾದರೆ ಹೆಚ್ಚೆಂದರೆ ಆರು ಡೆಸಿಬೆಲ್ ಲಾಭ. ಜೊತೆಗೆ ಸಂದಿ ಇರಬಾರದು. ನೂರರಲ್ಲಿ ಒಂದು ಪಾಲು ತೂತಿದ್ದರೂ ಎಷ್ಟೇ ದಪ್ಪದ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ನಮ್ಮ ಬಾಗಿಲುಗಳ ರಬ್ಬರು ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಬದಲಾಯಿಸಿದ್ದರಿಂದ ಆದಷ್ಟು ಉಪಕಾರ 11 ಕೆ.ಜಿ. ಹಾಳೆಯಿಂದ ಆಗಲಿಲ್ಲ ಎಂದು ನನ್ನ ಅಭಿಪ್ರಾಯ. ಇವರು ಒಪ್ಪುವುದಿಲ್ಲ.

ಹಾಳೆಯನ್ನು ತಗಡಿನ ಪೂರ್ತಿ ಮೈಗೆ ಹೊದಿಸಬೇಕೆಂದು ಪೆಟ್ಟಿಗೆಯ ಚಿತ್ರದಲ್ಲಿತ್ತು. ಅದೂ ಮಾರುವವನ ಗಣಿತವೇ. ತಗಡಿನ ನಡುಭಾಗದಲ್ಲಿ, ಅತಿ ಹೆಚ್ಚು ಅದುರುವ ಕಡೆ, ಕಾಲುಭಾಗ ಮುಚ್ಚಿದರೆ ಹೆಚ್ಚಿನ ಪಾಲು ಪ್ರಯೋಜನ ಅಲ್ಲಿಗೇ ಸಿಕ್ಕಿಬಿಡುತ್ತದೆ. ಮುಂದಿನದೆಲ್ಲ ಹಣ ಮತ್ತು ಭಾರ. ಮೂರನೆಯ ಬಾಗಿಲಿಗೆ ಬರುವ ಹೊತ್ತಿಗೆ ಬೆರಳಿನಿಂದ ಬಡಿದು ನೋಡಿಯೇ ಇದು ನನಗೆ ತಿಳಿದಿತ್ತು. ಇವರು ಬಾಗಿಲಿನೊಳಗೆ ಕೈ ಹಾಕಿ ಅಂಟಿಸುತ್ತಿದ್ದರು, ನಾನು ಬೆನ್ನ ಹಿಂದೆ ಹಾಳೆ ಕತ್ತರಿಸಿ ಕೊಡುತ್ತಿದ್ದೆ.

‘ಸಾಕು’ ಎಂದೆ.

ಇವರು ಕೈ ಹಿಂದೆ ಚಾಚಿ ಇನ್ನೊಂದು ತುಂಡು ತೆಗೆದುಕೊಂಡು ಅಂಟಿಸಿದರು.

‘ಸಾಕು ಅಂದೆ.’

ಇನ್ನೊಂದು ತುಂಡು.

‘ಎಷ್ಟು ಹೇಳಿದರೂ ಅಷ್ಟೇ ನೀವು. ಸಾಕು ಅಂತಿದ್ದರೆ ಮೆತ್ತುತ್ತಲೇ ಇದ್ದೀರಿ.’

ತಿರುಗಿ ನನ್ನ ಮುಖ ನೋಡಿದರು. ಕೋಪವಿರಲಿಲ್ಲ, ಗಲಿಬಿಲಿ ಇತ್ತು. ‘ನೀನೇ ಅಲ್ಲವಾ ಹಾಕು, ಹಾಕು ಅಂತಿದ್ದದ್ದು?’

ಮಧ್ಯಾಹ್ನ ಮೂರು ಗಂಟೆ. ಬೀದಿಯಲ್ಲಿ ಒಂದು ಸ್ಕೂಟರೂ ಇರಲಿಲ್ಲ. ಕಾರಿನ ಎಂಜಿನ್ನು ಎರಡು ದಿನದಿಂದ ತಣ್ಣಗಿತ್ತು. ನಮ್ಮಿಬ್ಬರ ನಡುವೆ ಎರಡಡಿ. ನಾನು ಆಗ ನಕ್ಕೆ, ಇವರೂ ನಕ್ಕರು.

ಮೇ ತಿಂಗಳ ಎರಡನೆಯ ವಾರ ಎಲ್ಲ ಜೋಡಿಸಿ, ಉಳಿದ ಮೂರು ಸ್ಕ್ರೂಗಳು ಎಲ್ಲಿಯವು ಎಂಬ ಚರ್ಚೆ ಮುಗಿಸಿ, ಮೈಸೂರಿಗೆ ಹೊರಟೆವು. ಮಗ ನನ್ನ ಫೋನಿನಲ್ಲಿ ಸದ್ದು ಅಳೆಯುವ ಏರ್ಪಾಟು ಮಾಡಿಕೊಟ್ಟಿದ್ದ. ಅರವತ್ತು ಕಿಲೋಮೀಟರು ವೇಗದಲ್ಲಿ ಮೊದಲು 74 ತೋರಿಸಿದ್ದು ಈಗ 71. ಸಂಖ್ಯೆ ಅಷ್ಟೇ ಆದರೂ ಗುಣ ಬದಲಾಗಿತ್ತು. ಕಟಕಟ ಇಲ್ಲ, ಗುಂಯ್ ಇಳಿದಿದೆ. ಹೊಳೆನರಸೀಪುರ ದಾಟಿದ ಮೇಲೆ ನಾನು ಮೆಲುದನಿಯಲ್ಲೇ, ಮನೆಯಲ್ಲಿ ಮಾತಾಡುವಂತೆ, ಮಗಳಿಗೆ ಹಲಸಿನ ಹಪ್ಪಳ ತಂದೆವೋ ಇಲ್ಲವೋ ಎಂದು ಕೇಳಿದೆ. ನನ್ನ ಮಾತು ನನಗೇ ಸ್ಪಷ್ಟವಾಗಿ ಕೇಳಿಸಿತು. ಇವರು ರಸ್ತೆ ನೋಡುತ್ತಿದ್ದರು. ಇನ್ನೊಮ್ಮೆ ಕೇಳಿದೆ. ‘ಹೂಂ, ಚೆನ್ನಾಗಿ ಆಗಿದೆ’ ಎಂದರು, ಕಾರಿನ ಬಗ್ಗೆ.

ಓಗಿಲ್ವಿ ಹೇಳದೆ ಬಿಟ್ಟದ್ದು ಇದನ್ನೇ. ಒಂದು ಸದ್ದನ್ನು ತೆಗೆದರೆ ಅಲ್ಲಿ ಉಳಿಯುವುದು ನಿಶ್ಶಬ್ದವಲ್ಲ. ಅದರ ಕೆಳಗೆ ಅಷ್ಟು ದಿನ ಮುಚ್ಚಿಕೊಂಡಿದ್ದದ್ದು. ಅವನ ಕಾರಿನಲ್ಲಿ ಅದು ಗಡಿಯಾರವಾಗಿತ್ತು.

ಈ ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. 2022ರ ದಸರೆಯ ರಜೆ ಮುಗಿಸಿ ಇದೇ ದಾರಿಯಲ್ಲಿ ಹಿಂದಿರುಗುವಾಗ, ಕೆ.ಆರ್. ನಗರದ ಆಚೆ, ನಾನು ಇವರನ್ನು ಒಂದು ಮಾತು ಕೇಳಿದ್ದೆ. ಅಮ್ಮನಿಗೆ ಎಂಬತ್ತನಾಲ್ಕಾಗಿತ್ತು. ಅಣ್ಣನ ಮನೆಯಲ್ಲಿ ಕೊರತೆ ಏನೂ ಇರಲಿಲ್ಲ, ಆದರೆ ಮಗಳ ಮನೆಯಲ್ಲಿ ಸ್ವಲ್ಪ ದಿನ ಇರಬೇಕೆಂದು ಅವಳಿಗೆ ಆಸೆ. ‘ಅಮ್ಮನನ್ನು ನಮ್ಮಲ್ಲಿಗೆ ಕರೆತರಲೇ?’ ಎಂದು ಕೇಳಿದೆ. ಕೇಳಲು ನಾನು ಮೈಸೂರಿನಿಂದಲೂ ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ಇವರು ಏನೂ ಹೇಳಲಿಲ್ಲ. ಮೌನವೇ ಸಮ್ಮತಿ ಎಂಬ ಗಾದೆ ಕನ್ಯೆಯ ಪರವಾಗಿ ಹುಟ್ಟಿದ್ದಿರಬೇಕು. ಗಂಡನ ಮೌನವನ್ನು ಹೆಂಡತಿಯರು ಇನ್ನೊಂದು ರೀತಿ ಓದುತ್ತಾರೆ. ಕೇಳಿದ್ದನ್ನೇ ಎರಡನೆಯ ಸಲ ಕೇಳುವ ಸ್ವಭಾವ ನನ್ನದಲ್ಲ, ತರಗತಿಯಲ್ಲಿ ಮಕ್ಕಳಿಗೆ ಎಷ್ಟು ಸಲ ಬೇಕಾದರೂ ಕೇಳುತ್ತೇನೆ. 2023ರ ಜನವರಿಯಲ್ಲಿ ಅಮ್ಮ ಅಣ್ಣನ ಮನೆಯಲ್ಲೇ ತೀರಿಕೊಂಡಳು. ಆಮೇಲೆ ಒಂದೂವರೆ ವರ್ಷ ನಾನು ಇವರಿಗೆ ಕಾಫಿ ಕೊಡುತ್ತ, ಬಿ.ಪಿ. ಮಾತ್ರೆ ಕೊಡುತ್ತ, ಒಳಗೊಳಗೇ ಒಂದು ಲೆಕ್ಕ ಇಟ್ಟುಕೊಂಡಿದ್ದೆ.

ಮಗಳ ಮನೆಯಿಂದ ಮೈಸೂರಿನ ಮಾನಸಗಂಗೋತ್ರಿ ದೂರವಲ್ಲ. ಅಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸರದಿಯಲ್ಲಿ ಕೂತು ಪರೀಕ್ಷೆ ಮಾಡಿಸಿದೆವು. ಮಗಳಿಗಿಂತ ಚಿಕ್ಕ ವಯಸ್ಸಿನ ಒಬ್ಬ ಹುಡುಗಿ ನಕ್ಷೆ ತೋರಿಸಿ ತಾಳ್ಮೆಯಿಂದ ವಿವರಿಸಿದಳು. ತಗ್ಗುಸ್ಥಾಯಿಯ ಸದ್ದು ಇವರಿಗೆ ಚೆನ್ನಾಗಿ ಕೇಳಿಸುತ್ತದೆ. ಮೇಲೆ, 4000 ಹರ್ಟ್ಸ್‌ನ ಆಸುಪಾಸಿನಲ್ಲಿ, ಗೆರೆ ಬಾವಿಗೆ ಬಿದ್ದಂತೆ ಇಳಿದಿದೆ. ಬಹಳ ವರ್ಷ ಯಂತ್ರದ ಸದ್ದಿನಲ್ಲಿದ್ದವರಿಗೆ ಹೀಗಾಗುತ್ತದೆ ಎಂದಳು. ಅ, ಆ, ಉ ಇವೆಲ್ಲ ಕೆಳಗಿನ ಸ್ಥಾಯಿಯವು, ಕೇಳಿಸುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ಮೇಲಿನವು, ಜಾರಿಹೋಗುತ್ತವೆ. ಅಂದರೆ ನಾನು ಮಾತಾಡುತ್ತಿದ್ದೇನೆ ಎಂದು ಇವರಿಗೆ ತಿಳಿಯುತ್ತದೆ. ಏನು ಎಂದು ತಿಳಿಯುವುದಿಲ್ಲ. ಅದರ ಮೇಲೆ ಕಾರಿನ ಗುಂಯ್ ಸೇರಿದರೆ ಉಳಿದದ್ದೂ ಹೋಯಿತು. ನನಗೆ ಮೂವತ್ತು ವರ್ಷದ ವರ್ಣಮಾಲೆಯ ಪಾಠ ಆ ಹುಡುಗಿಯ ಮುಂದೆ ಹೊಸದಾಗಿ ಆಯಿತು. ಸ್ವರಗಳಲ್ಲಿ ದನಿ ಇದೆ, ವ್ಯಂಜನಗಳಲ್ಲಿ ಮಾತಿದೆ.

ಆ ರಾತ್ರಿ ಮಗಳ ಮನೆಯ ಜಗಲಿಯಲ್ಲಿ, ಮುಖಕ್ಕೆ ಮುಖ ಕೊಟ್ಟು ಕೂತು, ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮನ ವಿಷಯ ಕೇಳಿದ್ದೆನಲ್ಲ, ಕಾರಿನಲ್ಲಿ. ಇವರು ಬಹಳ ಹೊತ್ತು ಸುಮ್ಮನಿದ್ದರು. ಈ ಸಲದ ಮೌನ ಯಾವ ಜಾತಿಯದು ಎಂದು ನನಗೆ ಗೊತ್ತಾಯಿತು. ‘ನೀನು ಕೇಳಿದ್ದೇ ನನಗೆ ಗೊತ್ತಿಲ್ಲ ಕಣೇ’ ಎಂದರು. ಇಬ್ಬರೂ ಎದ್ದು ಒಳಗೆ ಹೋಗುವಾಗ ಮಗಳು ದೀಪ ಆರಿಸಿಬಿಟ್ಟಿದ್ದಳು.

ಓಗಿಲ್ವಿಯ ವಾಕ್ಯವನ್ನು ಆಮೇಲೆ ಮತ್ತೊಮ್ಮೆ ತೆಗೆದು ಓದಿದೆ. ಚೆಂದದ ವಾಕ್ಯ, ಈಗಲೂ ಹೇಳುತ್ತೇನೆ. ಆ ಜಾಹೀರಾತಿನ ಕೆಳಗಿನ ವಿವರಗಳಲ್ಲಿ, ಎಂಜಿನಿಯರುಗಳು ಅಚ್ಚಿನ ಸದ್ದು ಹಿಡಿಯಲು ಡಾಕ್ಟರರ ಸ್ಟೆತಾಸ್ಕೋಪು ಇಟ್ಟು ಆಲಿಸುತ್ತಾರೆ ಎಂಬ ಮಾತೂ ಇದೆ. ತಲೆಬರಹಕ್ಕಿಂತ ನನಗೆ ಅದೇ ಹೆಚ್ಚು ಹಿಡಿಸಿತು. ಅವರು ಸದ್ದನ್ನು ಅದು ಹುಟ್ಟುವ ಕಡೆಯೇ ಹುಡುಕಿದರು. ನಮ್ಮಂತೆ ಮೇಲಿಂದ ಮೆತ್ತಲಿಲ್ಲ. ಆದರೆ ತಲೆಬರಹದಲ್ಲಿ ಒಂದು ಕಾರಿದೆ, ಒಂದು ವೇಗವಿದೆ, ಒಂದು ಗಡಿಯಾರವಿದೆ, ಮನುಷ್ಯರಿಲ್ಲ. ಗಡಿಯಾರ ಎಲ್ಲಕ್ಕಿಂತ ಜೋರಾಗಿ ಕೇಳಿಸಬೇಕಾದರೆ ಒಳಗೆ ಕುಳಿತವರು ಬಾಯಿ ಬಿಡಬಾರದು. ಅಷ್ಟು ದುಡ್ಡು ಕೊಟ್ಟು ಕೊಂಡ ಕಾರಿನಲ್ಲಿ ಗಂಡ ಹೆಂಡತಿ ಗಂಟೆಗೆ 96 ಕಿಲೋಮೀಟರು ವೇಗದಲ್ಲಿ ಟಿಕ್ ಟಿಕ್ ಕೇಳುತ್ತ ಕೂತಿರುವ ಚಿತ್ರ ಬರೆದವನ ಕಣ್ಣಿಗೆ ಬೀಳಲಿಲ್ಲವೇ? ಸದ್ದು ತಗ್ಗಿಸುವುದು ಏತಕ್ಕೆ ಎಂದು ಆ ವಾಕ್ಯ ಹೇಳುವುದಿಲ್ಲ. ನಮ್ಮ ಪೆಟ್ಟಿಗೆಯೂ ಹೇಳಲಿಲ್ಲ.

ಜೂನ್ ಕೊನೆಗೆ ಇವರಿಗೆ ಕಿವಿಯ ಯಂತ್ರ ಬಂತು. ಮೊದಲ ವಾರ ಕಷ್ಟ. ತಟ್ಟೆ ಇಟ್ಟರೆ ಸದ್ದು, ಪತ್ರಿಕೆ ಮಡಚಿದರೆ ಸದ್ದು. ಜುಲೈಯಲ್ಲಿ ಮೈಸೂರಿನ ದಾರಿಯಲ್ಲಿ ಮಳೆ ಹಿಡಿಯಿತು. ಬಾಗಿಲು, ನೆಲ ಎಲ್ಲಕ್ಕೂ ಅಂಟಿಸಿದ್ದ ನಾವು ಮಾಡಿನ ಒಳಬಟ್ಟೆ ಬಿಚ್ಚುವ ಧೈರ್ಯ ಸಾಲದೆ ಅದೊಂದನ್ನು ಬಿಟ್ಟಿದ್ದೆವು. ನಮ್ಮ ಸಕಲೇಶಪುರದ ಶಾಲೆಯೇ ತಲೆಯ ಮೇಲೆ ಬಂದಂತಾಯಿತು. ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

‘ಏನಿದು ಇಷ್ಟು ಸದ್ದು! ಮೊದಲು ಇರಲಿಲ್ಲವಲ್ಲ. ಉಳಿದ ಹಾಳೆ ಎಷ್ಟಿದೆ? ಮಾಡಿಗೂ ಅಂಟಿಸಿಬಿಡೋಣ.’

‘ಸಾಕು’ ಎಂದೆ.

‘ಸಾಕು ಅಂದೆಯಾ, ಹಾಕು ಅಂದೆಯಾ?’ ಎಂದು ಕೇಳಿದರು. ಕೇಳಿಸಿತ್ತು. ಊರಿಗೆ ಬಂದ ಮಾರನೆಯ ದಿನ ಸೀರೆಯ ಇನ್ನೊಂದು ಅಂಚು ಕೊಡು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.